ನಾನು ಬದುಕಿಸಿದ ನಾವಿಕ

ಸಮುದ್ರವನ್ನು ಒಮ್ಮೆಯೂ ನೋಡದೆ ನಾನು ಆರೇಳು ಯುದ್ಧನೌಕೆಗಳನ್ನು ಮುಳುಗಿಸಿದ್ದೇನೆ. ಎಲ್ಲವನ್ನೂ ವಿದ್ಯಾರಣ್ಯಪುರಂನ ಬಾಡಿಗೆ ಮನೆಯಲ್ಲಿ, ಫ್ಯಾನಿನ ಕೆಳಗೆ ಕೂತೇ ಮುಳುಗಿಸಿದ್ದು. ಓದಿದ್ದು ಎಸ್ಸೆಸ್ಸೆಲ್ಸಿ, ಕೆಲಸ ಬಸ್ ಡಿಪೋದಲ್ಲಿ ಗುಮಾಸ್ತಿಕೆ. ಅಲೆ ಹೇಗೆ ಏಳುತ್ತದೆಂದು ತಿಳಿಯಲು ಸಂಜೆ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ನಿಂತು ಗಾಳಿಗೆ ಕಾಯುತ್ತಿದ್ದೆ. ಗಾಳಿ ಬಂದರೆ ಆ ವಾರದ ಕಂತಿನಲ್ಲಿ ಚಂಡಮಾರುತ. ಬಾರದಿದ್ದರೆ ನೌಕಾಪಡೆಗೆ ವಿಶ್ರಾಂತಿ.

ಇದೆಲ್ಲ ತೊಂಬತ್ತರ ದಶಕದಲ್ಲಿ ಒಂದು ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂತು. ನೌಕಾಪಡೆಯಿಂದ ನಿವೃತ್ತರಾದ ಓದುಗರೊಬ್ಬರು ತರಕಾರಿ ಅಂಗಡಿಯ ಮುಂದೆ ನನ್ನನ್ನು ಹಿಡಿದು ನಿಲ್ಲಿಸಿದರು. "ಏನ್ಸಾರ್, ನಿಮ್ಮ ಕ್ಯಾಪ್ಟನ್ನು ಹಡಗು ನಿಲ್ಸೋಕೆ 'ಹೋಲ್ಡಾನ್' ಅಂತಾನಲ್ಲ, ಟಿಕೆಟ್ಟೂ ಹರೀತಾನಾ?" ಡಿಪೋದ ಭಾಷೆ ನನಗೇ ತಿಳಿಯದೆ ಹಡಗು ಹತ್ತಿತ್ತು. ಇದನ್ನು ಕೇಳಿದ ಮೇಲೆ ನನ್ನ ಹೆಂಡತಿ ನನ್ನನ್ನು 'ಕ್ಯಾಪ್ಟನ್ರೇ' ಎಂದೇ ಕರೆಯತೊಡಗಿದಳು. ಪತ್ರಿಕೆ ನಿಂತಿತು, ಅವಳೂ ಹೋದಳು. ಈಗ ಆ ಹುದ್ದೆಯಿಂದ ಕರೆಯುವವರು ಯಾರೂ ಇಲ್ಲ.

ನನ್ನ ತಪ್ಪು 'ಹೋಲ್ಡಾನ್' ಅಲ್ಲ. ಕಥೆಯಲ್ಲಿ ಮಹದೇವ ಎಂಬ ನಾವಿಕನನ್ನು ಹಡಗಿನೊಂದಿಗೆ ಮುಳುಗಿಸಿದ್ದೆ. ಓದುಗರು ಗೋಳಾಡಿದರು. "ಎಬ್ಬಿಸಿ ಸ್ವಾಮಿ, ಜನ ಬಿಡ್ತಿಲ್ಲ" ಎಂದರು ಸಂಪಾದಕರು. ಪುರಾಣದಲ್ಲಾದರೆ ಸತ್ತವರನ್ನು ಬದುಕಿಸಲು ತಪಸ್ಸು, ವರ, ಯಮನೊಡನೆ ವಾದ ಎಲ್ಲ ಬೇಕು. ನನಗೆ ಒಂದೂವರೆ ಪುಟ ಸಾಕಾಯಿತು. ಮಹದೇವ ಬೆಸ್ತರ ಬಲೆಗೆ ಸಿಕ್ಕ, ಯಾವುದೋ ದ್ವೀಪದಲ್ಲಿ ನೆನಪು ಕಳೆದುಕೊಂಡ, ಕೊನೆಯ ಕಂತಿನಲ್ಲಿ ಬಂದು ತಾಯಿಯ ಬಾಗಿಲು ತಟ್ಟಿದ. ಓದುಗರು ಹೊಗಳಿದರು. ನಾನೂ ಉಬ್ಬಿದೆ.

ಕೆಲವು ವರ್ಷಗಳ ಮೇಲೆ ಸಿದ್ಧಾರ್ಥನಗರದ ಭಾಗ್ಯಮ್ಮ ಎಂಬುವರು ಮನೆ ಹುಡುಕಿಕೊಂಡು ಬಂದರು. ಅವರ ಅಣ್ಣ ಶಿವಣ್ಣ ನಿಜವಾದ ನಾವಿಕ. ನಿಜವಾದ ಯುದ್ಧದಲ್ಲಿ ಹಡಗಿನೊಂದಿಗೆ ಮುಳುಗಿದವನು. ದೇಹ ಸಿಗಲಿಲ್ಲ. ತಾಯಿ ಪ್ರತಿ ಮಹಾಲಯ ಅಮಾವಾಸ್ಯೆಗೆ ಅವನ ಹೆಸರಿನಲ್ಲಿ ಎಡೆ ಇಡುತ್ತಿದ್ದರು. ನನ್ನ ಕಾದಂಬರಿಯನ್ನು ಮಗಳಿಂದ ಓದಿಸಿ ಕೇಳಿದ ಮೇಲೆ ನಿಲ್ಲಿಸಿಬಿಟ್ಟರಂತೆ.

"ಅಪ್ಪನಿಗೆ ಇಡ್ತಾಳೆ, ಅಣ್ಣನಿಗೆ ಇಡಲ್ಲ. ಬದುಕಿರೋನಿಗೆ ಯಾಕೆ ಎಡೆ ಅಂತಾಳೆ" ಎಂದರು ಭಾಗ್ಯಮ್ಮ. "ಅವನು ಅಲ್ಲಿ ಹಸ್ಕೊಂಡಿದ್ರೆ ಏನ್ರೀ ಗತಿ? ಬರ್ದಿದ್ದು ಸುಳ್ಳು ಅಂತ ನೀವೇ ಬಂದು ಹೇಳ್ಬುಡಿ."

ಹೋದೆ. ಗೋಡೆಯ ಮೇಲೆ ಗಂಡನ ಫೋಟೊಗೆ ಹಾರವಿತ್ತು, ಮಗನ ಫೋಟೊಗೆ ಇರಲಿಲ್ಲ. ಮುದುಕಿ ಒಲೆಯ ಕೆಲಸ ಮುಗಿಸಿ ಬಂದು ಕೂತರು.

"ಅಮ್ಮ, ಎಲ್ಲ ನಾನು ಕಟ್ಟಿದ ಕಥೆ. ನಾನು ಸಮುದ್ರಾನೇ ನೋಡಿಲ್ಲ" ಎಂದೆ.

"ನೋಡೇ ಇಲ್ವಾ?" ಅವರು ನನ್ನನ್ನು ಕನಿಕರದಿಂದ ನೋಡಿದರು. "ಅಂಗಾದ್ರೆ ನನ್ನ ಮಗ ಬರಲ್ಲ ಅಂತ ನಿಂಗೆಂಗೆ ಗೊತ್ತು?"

ನನ್ನ ಯಾವ ವಿಮರ್ಶಕನೂ ಇಂಥ ಪ್ರಶ್ನೆ ಕೇಳಿರಲಿಲ್ಲ. ತಡವರಿಸಿ, "ಆದರೂ ಒಂದು ಎಡೆ..." ಎಂದೆ.

"ಎಡೆ ಇಟ್ರೆ ವರ್ಷಕ್ಕೆ ಒಂದೊತ್ತಿನ ಊಟ ಕಣಪ್ಪ. ಬರ್ತಾನೆ ಅಂದ್ಕೊಂಡ್ರೆ ದಿನಾ ಒಂದು ಮುದ್ದೆ ಜಾಸ್ತಿ ಕಟ್ತೀನಿ. ಹಸಿವು ಯಾವುದ್ರಲ್ಲಿ ತೀರ್ತದೆ, ನೀನೇ ಹೇಳು."

ಬಾಗಿಲಲ್ಲಿ ನಿಂತಿದ್ದ ಭಾಗ್ಯಮ್ಮ ಸೆರಗಿನಿಂದ ಮೂಗೊರೆಸಿಕೊಂಡರು. "ದಿನಾ ಒಂದು ಮಿಗ್ಸ್ತೀಯ, ಲೆಕ್ಕ ತಪ್ತದೆ ನಿಂಗೆ ಅಂತ ಬಯ್ತಿದ್ನಲ್ಲವ್ವಾ..."

"ಬಯ್ಯಿ ಬುಡು, ಏನೀಗ" ಎಂದು ಮುದುಕಿ ನನ್ನತ್ತ ತಿರುಗಿದರು. "ಇವತ್ತಿಂದು ಇನ್ನೂ ಬಿಸಿ ಅದೆ. ಕೈ ತೊಳ್ಕೊ ಓಗು."

ತಪ್ಪೊಪ್ಪಿಕೊಳ್ಳಲು ಹೋದವನು ಕೈ ತೊಳೆದು ಕೂತೆ. ಮುದ್ದೆ ಅಗಿಯುವಂಥದ್ದಲ್ಲ, ನುಂಗುವಂಥದ್ದು. ಆದರೂ ಮೊದಲ ತುತ್ತನ್ನು ಅಗಿಯುತ್ತಲೇ ಇದ್ದೆ. ಯಾರ ಪಾಲಿನದು ಎಂದು ಗೊತ್ತಿತ್ತಲ್ಲ.

"ನಿಧಾನಕ್ಕೆ ತಿನ್ನಪ್ಪ" ಎಂದು ಇನ್ನಷ್ಟು ಸಾರು ಬಿಟ್ಟರು. "ನಾಳೇನೂ ಬಾ. ಅವನು ಬರೋಗಂಟ ಒಂದು ಇದ್ದೇ ಇರ್ತದೆ."

ಇನ್ನು ಆ ಮನೆಯ ಕಡೆ ತಲೆ ಹಾಕಬಾರದು ಎಂದುಕೊಂಡು ಬಂದೆ. ಮಾರನೆಯ ದಿನ ಹೋದೆ. ಪಶ್ಚಾತ್ತಾಪ ಪಟ್ಟವನಿಗೂ ಹೊತ್ತಿಗೆ ಸರಿಯಾಗಿ ಹಸಿವಾಗುತ್ತದೆ.