ಅಕ್ಕನ ತುರುಬಿನಲ್ಲಿದ್ದ ಚೆಂಡುಹೂವು

ಅದು ವಿಜಯದಶಮಿಯ ಮರುದಿನ. ಅದಕ್ಕೂ ಮಾರನೆಯ ದಿನವೆಂದು ಬಹುಕಾಲ ನಂಬಿದ್ದೆ. ಪಂಚಾಂಗ ತೆಗೆದು ನೋಡಿದ ಮೇಲೆ ತಿದ್ದಿಕೊಂಡೆ. ಅಕ್ಕ ಅಂದು ಏಕಾದಶಿಯ ಉಪವಾಸದಲ್ಲಿದ್ದಳು. ಬಾಳೆಹಣ್ಣು ತರಲೆಂದೇ ಚಾಮರಾಜಪುರಂನ ನಮ್ಮ ಮನೆಯಿಂದ ಅಂಗಡಿಗೆ ಹೊರಟಿದ್ದಳು.

ಪಕ್ಕದ ಮನೆಯವರು ಫೋನ್ ಮಾಡಿ ಆಸ್ಪತ್ರೆಗೆ ಬರಹೇಳಿದರು. ನಾನು ತಲುಪಿದಾಗ ಅಕ್ಕ ತುರ್ತು ವಿಭಾಗದಲ್ಲಿ ಮಂಪರಿನಲ್ಲಿದ್ದಳು. ಪಕ್ಕದ ಮನೆಯವರು ವೈದ್ಯೆಗೆ ಹೇಳುತ್ತಿದ್ದರು: “ಬಚ್ಚಲಲ್ಲಿ ಜಾರ್‌ಬುಟ್ರು ಮೇಡಂ, ಕಾಲಿಗೇ ಪೆಟ್ಟು.” ವೈದ್ಯೆ ಕಾಲನ್ನಷ್ಟೇ ನೋಡುತ್ತಿದ್ದರು.

ರಸ್ತೆಯಲ್ಲಿ ಗಾಯಗೊಂಡವರು ಆಸ್ಪತ್ರೆಗಳಲ್ಲಿ ಹೇಗೆ ದಾಖಲಾಗುತ್ತಾರೆಂಬುದೇ ನನ್ನ ಸಂಶೋಧನೆಯ ವಿಷಯವಾಗಿತ್ತು. ಪೊಲೀಸರ ಭಯಕ್ಕೆ ಅವರನ್ನು ಬಾಯಿಮಾತಿನಲ್ಲೇ ಬಚ್ಚಲಿಗೂ ಮೆಟ್ಟಿಲಿಗೂ ಸಾಗಿಸಿಬಿಡುವ ಪದ್ಧತಿಯನ್ನು ನಾನು ಚೆನ್ನಾಗಿ ಬಲ್ಲೆ. ಅದು ನಮ್ಮ ಮನೆಯ ಬಚ್ಚಲಿಗೂ ಬಂದಿತ್ತು.

ಪಕ್ಕದ ಮನೆಯವರು ನನ್ನನ್ನು ಬಾಗಿಲ ಬಳಿಗೆ ಎಳೆದರು.

“ಸಾರ್, ಒಸಿ ರಾಂಗ್ ಸೈಡಲ್ಲಿ ಬಂದ್ಬುಟ್ಟೆ. ಗಾಡಿ ಕಾಲಿಗೆ ತಾಗ್ತು ಅಷ್ಟೆ. ಆಕ್ಸಿಡೆಂಟ್ ಅಂದ್ರೆ ಕೇಸಾಗುತ್ತೆ. ಈ ವಯಸ್ಸಲ್ಲಿ ನಿಮಗ್ಯಾಕೆ ಸ್ಟೇಷನ್ ಅಲೆದಾಟ? ಬುಟ್ಬುಡಿ.”

“ತಲೆಗೆ?”

“ತಲೆಗೇನೂ ಆಗಿಲ್ಲ ಕಣ್ರೀ. ನೀವೊಬ್ರು, ಎಲ್ಲದಕ್ಕೂ ಸಂಶೋಧನೆ!”

ನಾನು ಅಕ್ಕನ ಬಳಿಗೆ ಹಿಂದಿರುಗಿದೆ. ಕಿವಿಯ ಮೇಲೆ, ತುರುಬಿಗೆ ಸಿಕ್ಕಿಕೊಂಡು, ಬಾಡಿದ ಚೆಂಡುಹೂವಿನ ಎಸಳುಗಳು. ಅಕ್ಕ ಮುಡಿಯುತ್ತಿದ್ದುದು ಮಲ್ಲಿಗೆ ಮಾತ್ರ. ಆಯುಧಪೂಜೆಗೆ ಸ್ಕೂಟರಿನ ಹ್ಯಾಂಡಲ್ಲಿಗೆ ಸುತ್ತಿದ ಚೆಂಡುಹೂವಿನ ಹಾರವನ್ನು ಆ ಮಹಾನುಭಾವರು ಇನ್ನೂ ತೆಗೆದಿರಲಿಲ್ಲ.

“ನಮ್ಮ ಬಚ್ಚಲಲ್ಲಿ ಚೆಂಡುಹೂವು ಬೆಳೆಯೋದಿಲ್ಲ,” ಎಂದು ವೈದ್ಯೆಗೆ ಕೇಳುವಂತೆ ಗಟ್ಟಿಯಾಗಿಯೇ ಹೇಳಿದೆ. “ಇದು ರಸ್ತೆ ಅಪಘಾತ. ಗಾಡಿ ಇವರದು. ದಯವಿಟ್ಟು ತಲೆ ನೋಡಿ.”

ವೈದ್ಯೆ ಕೂದಲು ಸರಿಸಿದರು. ಊತವಿತ್ತು. ಅವರು ಕೂಡಲೇ ಸ್ಕ್ಯಾನಿಗೆ ಕಳುಹಿಸಿದರು. ಮಿದುಳಿನ ಬಳಿ ರಕ್ತ ಹೆಪ್ಪುಗಟ್ಟುತ್ತಿತ್ತು. ಅಂದೇ ಶಸ್ತ್ರಚಿಕಿತ್ಸೆಯಾಯಿತು. ಇನ್ನಷ್ಟು ತಡವಾಗಿದ್ದರೆ ಅಕ್ಕ ಉಳಿಯುತ್ತಿರಲಿಲ್ಲವೆಂದು ಆಮೇಲೆ ಹೇಳಿದರು.

ಕೇಸಾಯಿತು. ನೆರೆಹೊರೆಯ ಮರ್ಯಾದೆ ತಿಳಿಯದ ಮುದುಕ ಎಂದು ಬೀದಿಯಲ್ಲಿ ನನಗೆ ಹೆಸರೂ ಬಂತು. ಪಕ್ಕದ ಮನೆಯವರು ಈಗಲೂ ಅದೇ ಸ್ಕೂಟರಿನಲ್ಲಿ, ಅದೇ ರಾಂಗ್ ಸೈಡಿನಲ್ಲಿ ಬರುತ್ತಾರೆ. ಅವರು ಕೈಮುಗಿದರೆ ನಾನು ಮುಖ ತಿರುಗಿಸುತ್ತೇನೆ.

ಅಕ್ಕನಿಗೆ ಆ ದಿನದ ನೆನಪು ಮರಳಲೇ ಇಲ್ಲ. ಬೇರೆಯವರು ಹೇಳಿದ್ದಷ್ಟೇ ಅವಳಿಗೆ ಗೊತ್ತು.

“ಪಾಪ, ಅವ್ರೇ ಅಲ್ವೇನೋ ನನ್ನ ಆಟೋಲಿ ಆಸ್ಪತ್ರೆಗೆ ಕರ್ಕೊಂಡ್ಹೋಗಿದ್ದು? ಮಾತಾಡ್ಸೋ,” ಎನ್ನುತ್ತಾಳೆ.

“ಹೌದಕ್ಕ,” ಎನ್ನುತ್ತೇನೆ, ಪ್ರತಿ ಸಲವೂ. “ಕೆಡವಿದ್ದೂ ಅವರೇ.”