ಎತ್ತಿಗೆ ಸೋಮವಾರ

ಕಡೂರು ಸಂತೆಯಲ್ಲಿ ಪಾದ್ರಿಯೊಬ್ಬರು ಮರದಡಿ ನಿಂತು ಹೇಳಿದ ಕಥೆಯನ್ನು ನಾನು ಊರಿಗೆ ತಂದು ನನ್ನದೇ ಎಂಬಂತೆ ಹೇಳತೊಡಗಿದೆ. ತರೀಕೆರೆಯಲ್ಲಿ ಓದಿ, ಪರೀಕ್ಷೆಯಲ್ಲಿ ಡುಮ್ಕಿ ಹೊಡೆದು ಬಂದವನಿಗೆ ಜಗಲಿಯ ಮೇಲೆ ಕೂತು ಕಥೆ ಹೇಳುವುದಕ್ಕಿಂತ ಘನವಾದ ಕೆಲಸ ಇರಲಿಲ್ಲ. ಇಸ್ರೇಲರೆಂಬ ಜನ, ಈಜಿಪ್ಟಿನ ಅರಸನ ಜೀತದಲ್ಲಿ ಇಟ್ಟಿಗೆ ಕೊಯ್ದು ಕೊಯ್ದು ಬಳಲಿದ್ದರು. ದೇವರಿಗೆ ಅವರ ಕೂಗು ಕೇಳಿಸಿತು. ಅವರಲ್ಲೊಬ್ಬ ಹಿರಿಯ ಹೋಗಿ, ನಮ್ಮವರನ್ನು ಬಿಡು ಎಂದಾಗಲೆಲ್ಲ ಅರಸ ಆಗಲ್ಲವೆಂದ. ಎಷ್ಟು ಸಲ ಅಂದನೆಂದು ನಾನು ಬೆರಳು ಮಡಿಸಿ ತೋರಿಸುತ್ತಿದ್ದೆ.

ಆ ಅರಸನ ಮಾತು ನನಗೆ ಚೆನ್ನಾಗಿ ಒಗ್ಗಿತ್ತು. ಗಂಟಲು ದಪ್ಪ ಮಾಡಿ, "ಆಗಲ್ಲ, ಹೋಗಿ ಕೆಲ್ಸ ನೋಡ್ರೋ" ಎನ್ನುತ್ತಿದ್ದೆ. ಪಕ್ಕದ ಮನೆಯ ಗೌಡರು, "ಏನಪ್ಪಾ, ನಿನ್ ಬಾಯಲ್ಲಿ ಎಷ್ಟು ಸಲೀಸಾಗಿ ಬತ್ತದೆ" ಎಂದು ಮೆಚ್ಚಿದರು. ನಾನು ಉಬ್ಬಿಹೋದೆ. ಆದರೂ ಒಳಗೊಳಗೆ ನಾನು ಜೀತದವರ ಕಡೆಯವನು. ಜುಟ್ಟು ತೆಗೆಸಿ ಕ್ರಾಪು ಬಿಡಲು ಅಪ್ಪ ಒಪ್ಪುತ್ತಿರಲಿಲ್ಲ. ಇದಕ್ಕಿಂತ ದೊಡ್ಡ ಸೆರೆ ಯಾವುದು ಎಂದುಕೊಂಡಿದ್ದೆ.

ನಮ್ಮ ಮನೆಯ ಜೀತದಾಳು, ಅಪ್ಪನ ವಯಸ್ಸಿನವನು, ಜಗಲಿಯ ಕೆಳಗೆ ಹಗ್ಗ ಹೊಸೆಯುತ್ತ ಕೇಳಿಸಿಕೊಳ್ಳುತ್ತಿದ್ದ. ಅವನ ಮಗಳಿಗೆ ಅಜ್ಜಂಪುರದಲ್ಲಿ ಚೊಚ್ಚಲ ಹೆರಿಗೆಯಾಗಿತ್ತು. ಒಂದು ದಿನ ಬಿಟ್ಟರೆ ಮಗು ನೋಡಿಕೊಂಡು ಬರುತ್ತೇನೆ ಎಂದು, ಆಳುಗಳ ಉಸ್ತುವಾರಿ ವಹಿಸಿಕೊಂಡಿದ್ದ ನನ್ನನ್ನು ಕೇಳುತ್ತಲೇ ಇದ್ದ. ಬಿತ್ತನೆ ಮುಗಿಯಲಿ ಎಂದೆ. ಕಳೆ ಮುಗಿಯಲಿ ಎಂದೆ. ಒಕ್ಕಣೆಯೂ ಆಗಿ ಮತ್ತೆ ಬಿತ್ತನೆ ಬಂತು.

ಒಂದು ಸಂತೆಯ ದಿನ ಪಾದ್ರಿಯವರು ಕಥೆಯ ಅರ್ಥ ಬಿಡಿಸಿದರು. ಸಮುದ್ರ ಸೀಳಿ ದಾರಿ ಮಾಡಿ ಬಿಡುಗಡೆ ಕೊಟ್ಟ ದೇವರು ಆ ಜನಕ್ಕೊಂದು ಕಟ್ಟಳೆಯನ್ನೂ ಕೊಟ್ಟನಂತೆ: ಏಳು ದಿನಕ್ಕೊಂದು ದಿನ ನೀವೂ ದುಡಿಯಬೇಡಿ, ನಿಮ್ಮ ಆಳನ್ನೂ ಎತ್ತನ್ನೂ ದುಡಿಸಬೇಡಿ, ಜೀತ ಏನೆಂದು ನಿಮಗೆ ಗೊತ್ತಿದೆ, ಮರೆಯಬೇಡಿ. ನಾನು ಸುಮ್ಮನಿರುತ್ತೇನೆಯೇ? "ಸ್ವಾಮಿ, ಸೋಮವಾರ ನಮ್ಮಲ್ಲಿ ಬಸವಣ್ಣನ ವಾರ. ಎತ್ತಿನ ಹೆಗಲಿಗೆ ನೊಗ ಮುಟ್ಟಿಸಲ್ಲ. ಇದನ್ನ ನಮಗೆ ಹೊಸದಾಗಿ ಹೇಳಿಕೊಡ್ಬೇಕಾ?" ಎಂದೆ. ಅವರು ನಕ್ಕು ತಲೆದೂಗಿದರು. ಗೆದ್ದೆನೆಂದು ಊರಿಗೆ ಬಂದು ಅದನ್ನೂ ಜಗಲಿಯಲ್ಲಿ ಕೊಚ್ಚಿಕೊಂಡೆ.

ಜಗಲಿಯ ಕೆಳಗಿನಿಂದ ನಮ್ಮ ಜೀತದಾಳು ಕೇಳಿದ. "ಬುದ್ಧೀ, ಎತ್ಗೆ ಸೋಮ್ವಾರ ಆಯ್ತು. ಆಳ್ಗೆ ಯಾವ ವಾರ?"

ಸೋಮವಾರ ಎತ್ತುಗಳು ಮಲಗಿ ಮೆಲುಕು ಹಾಕುವಾಗ ಅವುಗಳಿಗೆ ಹುಲ್ಲು ಹೊತ್ತು, ಸಗಣಿ ಬಾಚಿ, ಬೇಲಿ ಕಟ್ಟುತ್ತಿದ್ದವನು ಅವನೇ. ಉಳುಮೆಯಿಲ್ಲದ ದಿನವೆಂದು ಅಂದೇ ಅವನಿಗೆ ಹೆಚ್ಚು ಕೆಲಸ ಹೇಳುತ್ತಿದ್ದವನು ನಾನು. ನಾಚಿಕೆಯಾಯಿತು.

"ಈ ಸೋಮ್ವಾರ ಹೋಗ್ಬಾ" ಎಂದೆ, ಸಮುದ್ರವನ್ನೇ ಸೀಳಿ ದಾರಿ ಕೊಟ್ಟವನ ಗತ್ತಿನಲ್ಲಿ.

ಅಂದು ಕೊಟ್ಟಿಗೆಯ ಕೆಲಸ ನನ್ನ ಪಾಲಿಗೆ ಬಂತು. ಮಧ್ಯಾಹ್ನದ ಹೊತ್ತಿಗೆ ಅಂಗೈಯಲ್ಲಿ ಬೊಬ್ಬೆ ಎದ್ದಿದ್ದವು. ನಾನು ಹಾಕಿದ ಹುಲ್ಲನ್ನು ಎತ್ತು ಮೂಸಿ ಮುಖ ತಿರುಗಿಸಿತು. ಸಂಜೆ ಅವನು ಬಂದವನೇ ನೆಟ್ಟಗೆ ಕೊಟ್ಟಿಗೆಗೆ ನಡೆದ. ನಾಲ್ಕು ಒಳ್ಳೆಯ ಮಾತು ಸಿಗಬಹುದೆಂದು ಹಿಂದೆಯೇ ಹೋಗಿ, ಮಗು ಹೇಗಿದೆ ಎಂದು ಕೇಳಿದೆ.

"ಚೆಂದಾಗೈತೆ ಬುದ್ಧಿ. ಓಡಾಡ್ತೈತೆ. ನನ್ ಕಂಡು ಹೆದ್ರಿ ಅವ್ವನ ಸೆರಗ್ನಾಗೆ ಬಚ್ಚಿಟ್ಕೊಂತು."

ಆ ಸಂಜೆ ಜಗಲಿಯಲ್ಲಿ ಕಥೆ ನಡೆಯಲಿಲ್ಲ. ನಾನು ಎಷ್ಟು ಸಲ ಆಗಲ್ಲ ಅಂದಿದ್ದೆನೆಂದು ಒಬ್ಬನೇ ಕೂತು ಎಣಿಸಿದೆ. ಕೈಬೆರಳು ಸಾಲಲಿಲ್ಲ.