ಬಾನೆಟ್ಟಿನ ಕೆಳಗೆ ಮೇಣದ ದಾರ

ನಮ್ಮ ಮನೆಯಲ್ಲಿ ಉಪ್ಪಿನ ಡಬ್ಬ ಎಲ್ಲಿದೆ ಎಂದು ನನ್ನ ಗಂಡನಿಗೆ ಇವತ್ತಿಗೂ ಗೊತ್ತಿಲ್ಲ. ಆದರೆ ಯಾರ ಮನೆಗೆ ಹೋದರೂ ಮೊದಲು ಟಿವಿಯ ಹಿಂದೆ ಬಗ್ಗಿ ನೋಡುತ್ತಾರೆ. ಅಲ್ಲಿ ವಯರುಗಳು ಸಿಕ್ಕಾಗಿ ಬಿದ್ದಿದ್ದರೆ ಅವರಿಗೆ ಆ ಮನೆಯ ಕಾಫಿ ರುಚಿಸುವುದಿಲ್ಲ. ಭದ್ರಾವತಿಯ ಒಂದು ಕಾರ್ಖಾನೆಯಲ್ಲಿ ಅವರು ಪ್ಯಾನೆಲ್ ವೈರಿಂಗ್ ಮಾಡುತ್ತಿದ್ದರು. ಆಳೆತ್ತರದ ಕಬ್ಬಿಣದ ಪೆಟ್ಟಿಗೆ, ಅದರೊಳಗೆ ರಾಶಿ ವಯರು. ಅವನ್ನು ಒಂದರ ಪಕ್ಕ ಒಂದು ಮಲಗಿಸಿ, ಮೇಣ ಹಚ್ಚಿದ ದಾರದಿಂದ ಬೆರಳಗಲಕ್ಕೊಂದು ಗಂಟು ಹಾಕಿ ಬಿಗಿಯುವುದು ಅಲ್ಲಿನ ಪದ್ಧತಿ. ಒಂದು ವಯರು ಇನ್ನೊಂದರ ಮೇಲೆ ದಾಟಿದ್ದು ಕಂಡರೆ ಮೇಲಿನವರು ಇಡೀ ಕಟ್ಟನ್ನೇ ಬಿಚ್ಚಿಸುತ್ತಿದ್ದರಂತೆ. ಮದುವೆಯಾದ ಹೊಸದರಲ್ಲಿ ನಾನು ಮಲ್ಲಿಗೆ ಕಟ್ಟುವುದನ್ನು ನೋಡಿ, "ನಿನ್ನ ಗಂಟು ಲೂಸು ಮಾರಾಯ್ತಿ" ಎಂದಿದ್ದರು. ಹೊಸ ಹೆಂಡತಿಗೆ ಆಡುವ ಮಾತೇ ಅದು?

ಕಾರ್ಖಾನೆ ನಿಂತಿತು. ಕ್ವಾರ್ಟರ್ಸ್ ಬಿಟ್ಟು ಶಿವಮೊಗ್ಗಕ್ಕೆ ಬಂದು ಬಾಡಿಗೆ ಮನೆ ಹಿಡಿದೆವು. ಕೋಟೆಯ ದೇವಸ್ಥಾನದ ಮುಂದಿರುವ ಅಂಗಡಿಗೆ ನಾನು ಹೂ ಕಟ್ಟಿಕೊಡಲು ಶುರುಮಾಡಿದೆ. ಇವರು ಕೆಲಸ ಕೇಳಿಕೊಂಡು ಊರೆಲ್ಲ ತಿರುಗಿದರು. ಈಗ ವಯರುಗಳನ್ನು ಯಾರೂ ಕಟ್ಟುವುದಿಲ್ಲವಂತೆ. ಪ್ಲಾಸ್ಟಿಕ್ ಕೊಳವೆಯೊಳಗೆ ಹೇಗೆ ತುರುಕಿದರೂ ಮೇಲೊಂದು ಮುಚ್ಚಳ ಹಾಕಿದರೆ ಮುಗಿಯಿತು. ಮುಚ್ಚಳದ ಕೆಳಗೆ ಯಾರು ನೋಡುತ್ತಾರೆ?

ಗಂಡಸೊಬ್ಬ ಬೆಳಗ್ಗೆ ಎದ್ದು ಗಡ್ಡ ಹೆರೆದು, ಇನ್‌ಶರ್ಟ್ ಮಾಡಿಕೊಂಡು, ಎಲ್ಲಿಗೂ ಹೋಗದೆ ಕುರ್ಚಿಯಲ್ಲಿ ಕೂರುವುದನ್ನು ದಿನವೂ ನೋಡುವುದು ಕಷ್ಟ. ನನಗೆ ಅಯ್ಯೋ ಎನ್ನಿಸುವ ಬದಲು ಸಿಟ್ಟು ಬರುತ್ತಿತ್ತು. ಆ ಸಿಟ್ಟನ್ನು ಯಾರ ಮೇಲೆ ತೀರಿಸಿಕೊಳ್ಳಬೇಕೋ ತಿಳಿಯದೆ ಪಾತ್ರೆಗಳ ಮೇಲೆ ತೀರಿಸಿಕೊಳ್ಳುತ್ತಿದ್ದೆ.

ಹೋದ ಮಳೆಗಾಲ ಮುಗಿದ ಮೇಲೆ ಸಾಗರ ರಸ್ತೆಯ ಗ್ಯಾರೇಜಿನವನೊಬ್ಬ ಇವರನ್ನು ಹುಡುಕಿಕೊಂಡು ಬಂದ. ಹಳೆಯ ಕಾರುಗಳನ್ನು ಬಿಚ್ಚಿ, ಶೋಕಿಯ ಗಿರಾಕಿಗಳಿಗೆ ಬೇಕಾದ ಹಾಗೆ ಹೊಸದಾಗಿ ಕಟ್ಟಿಕೊಡುವುದು ಅವನ ಕಸುಬು. ಯಾರದೋ ತೋಟದ ಪಂಪ್‌ಸೆಟ್ ಸ್ಟಾರ್ಟರಿನೊಳಗೆ, ಕಾರ್ಖಾನೆಯ ದಿನಗಳಲ್ಲಿ ಇವರು ಕಟ್ಟಿಕೊಟ್ಟಿದ್ದ ವಯರುಗಳನ್ನು ನೋಡಿದ್ದನಂತೆ. ಈಗ ಅವನ ಕೈಯಲ್ಲಿ ಒಂದು ಅಂಬಾಸಿಡರ್ ಇತ್ತು. ಅದಕ್ಕೆ ಎಲ್ಲಿಂದಲೋ ತಂದ ಆರು ಸಿಲಿಂಡರಿನ ಪೆಟ್ರೋಲ್ ಎಂಜಿನ್ ಕೂರಿಸಿದ್ದ. ಅವನು ಫೋನಿನಲ್ಲಿ ತೋರಿಸಿದ ಫೋಟೋದಲ್ಲಿ ಬಾನೆಟ್ಟಿನ ಕೆಳಗೆ ಎಲ್ಲವೂ ಫಳಫಳ ಎನ್ನುತ್ತಿತ್ತು, ಕಿಡಿ ಹೊಡೆಯುವ ಆರು ಪ್ಲಗ್ಗುಗಳಿಗೆ ಹೋಗುವ ಆರು ವಯರು ಮಾತ್ರ ಹೇಗೆಂದರೆ ಹಾಗೆ ಬಿದ್ದಿದ್ದವು.

"ಅಣ್ಣಾ, ಇದೊಂದು ಚೆನ್ನಾಗಿ ಬಂದ್ರೆ ನಮ್ಮಲ್ಲೇ ಇದ್ಬಿಡಿ. ಇನ್ಮೇಲೆ ಬರೋ ಗಾಡಿಗಳ ವೈರಿಂಗ್ ಪೂರ್ತಿ ನಿಮ್ದೇ" ಎಂದ.

ಇವರು ಒಳಗೆ ಹೋಗಿ ಟ್ರಂಕಿನ ತಳದಿಂದ ಮೇಣದ ದಾರದ ಉಂಡೆಯನ್ನು ತೆಗೆದುಕೊಂಡು ಬಂದರು. ಅದನ್ನು ಇಷ್ಟು ವರ್ಷ ಇಟ್ಟುಕೊಂಡಿದ್ದಾರೆಂದು ನನಗೂ ಗೊತ್ತಿರಲಿಲ್ಲ.

ಕೆಲಸ ಮುಗಿದ ದಿನ ಊಟದ ಕ್ಯಾರಿಯರ್ ಹಿಡಿದುಕೊಂಡು ಗ್ಯಾರೇಜಿಗೆ ಹೋದೆ. ಆರು ಕಪ್ಪು ವಯರು ಒಂದೇ ಮೈಯಾಗಿ ಎಂಜಿನ್ನಿನ ಉದ್ದಕ್ಕೂ ಹೋಗಿ, ತಮ್ಮ ತಮ್ಮ ಪ್ಲಗ್ ಬಂದಾಗ ಒಂದೊಂದಾಗಿ, ಒಂದೇ ಅಳತೆಯಲ್ಲಿ ಬಾಗಿ ಕೆಳಗಿಳಿದಿದ್ದವು. ಗಂಟುಗಳೆಲ್ಲ ಒಂದೇ ಸಾಲಿನಲ್ಲಿದ್ದವು. ನನಗೆ ಎಂಜಿನ್ ಗಿಂಜಿನ್ ತಿಳಿಯದು, ಆದರೆ ಕಟ್ಟುವುದು ತಿಳಿಯುತ್ತದೆ. ಕ್ಯಾರಿಯರ್ ಕೆಳಗಿಡುವುದನ್ನೂ ಮರೆತು ನೋಡುತ್ತ ನಿಂತೆ. ಗ್ಯಾರೇಜಿನವನು ಫೋಟೋದ ಮೇಲೆ ಫೋಟೋ ಹೊಡೆದ. ಇವರು ಊಟಕ್ಕೆ ಕೂತವರು ಎರಡನೇ ಸಲ ಅನ್ನ ಹಾಕಿಸಿಕೊಂಡರು.

ಭಾನುವಾರ ಟ್ರಯಲ್. ನಾನೇ ಬಾನೆಟ್ಟಿಗೆ ಅರಿಶಿನ ಕುಂಕುಮ ಇಟ್ಟು, ಹೂ ಮುಡಿಸಿ, ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟೆ. ಗ್ಯಾರೇಜಿನವನು ಓಡಿಸಿದ, ಇವರು ಪಕ್ಕದಲ್ಲಿ ಕೂತರು, ನಾನು ಹಿಂದೆ. ಊರೊಳಗೆ ಗಾಡಿ ಚೆನ್ನಾಗಿಯೇ ಹೋಯಿತು. ಆಯನೂರಿನ ಕಡೆ ರಸ್ತೆ ಖಾಲಿ ಸಿಕ್ಕಿ ಅವನು ಜೋರಾಗಿ ಒತ್ತಿದ್ದೇ ತಡ, ಗಾಡಿ ಜಗ್ಗಲು ಶುರುವಾಯಿತು. ಸೈಲೆನ್ಸರಿನಿಂದ ಢಂ ಎಂದು ಒಂದು ಸದ್ದು.

"ಮಿಸ್ಸಿಂಗ್ ಹೊಡೀತಿದೆ" ಎಂದು ಅವನು ಬದಿಗೆ ನಿಲ್ಲಿಸಿದ.

ಪೆಟ್ರೋಲ್ ನೋಡಿದ, ಪ್ಲಗ್ ಬಿಚ್ಚಿ ನೋಡಿದ, ಎಲ್ಲ ಸರಿಯಿತ್ತು. ಆಮೇಲೆ ಆ ಕಟ್ಟಿನ ಕಡೆ ಬಗ್ಗಿ ನೋಡಿದ. ಅವನು ಒಳ್ಳೆಯವನು, ಹೇಳಲು ಕಷ್ಟಪಟ್ಟ.

"ಅಣ್ಣಾ, ಇದು ಪ್ಯಾನೆಲ್ ವಯರಲ್ಲ. ಒಂದೊಂದ್ರಲ್ಲೂ ಸಾವಿರಗಟ್ಲೆ ವೋಲ್ಟ್ ಹೊಡೆಯುತ್ತೆ. ಇಷ್ಟುದ್ದಕ್ಕೂ ಅಂಟಿಸಿ ಕಟ್ಟಿದ್ರೆ ಒಂದರ ಕರೆಂಟು ಪಕ್ಕದ್ದಕ್ಕೆ ತಗಲುತ್ತೆ. ಕಿಡಿ ಬೀಳಬಾರದ ಸಿಲಿಂಡರಲ್ಲಿ ಕಿಡಿ ಬೀಳುತ್ತೆ. ನಂಗೂ ಹೊಳೀಲಿಲ್ಲ ನೋಡಿ, ನೋಡಕ್ಕೆ ಅಷ್ಟು ಚೆನ್ನಾಗಿತ್ತು."

"ಕಟಿಂಗ್ ಪ್ಲೇಯರ್ ಕೊಡಿ" ಎಂದರು ಇವರು.

"ನಾನು ಬಿಚ್ತೀನಿ ಬಿಡಿ ಅಣ್ಣಾ."

ಇವರು ಕೈ ಚಾಚಿಕೊಂಡೇ ನಿಂತಿದ್ದರು. ಕೊನೆಗೆ ಅವನು ಕೊಟ್ಟ. ಒಂದೊಂದೇ ಗಂಟನ್ನು ತಾವೇ ಕತ್ತರಿಸಿದರು. ಆಮೇಲೆ ವಯರುಗಳನ್ನು ಬೆರಳಿನಿಂದ ಬಿಡಿಸಿ ದೂರ ದೂರ ಮಾಡಿದರು, ಒಂದಕ್ಕೊಂದು ತಗಲದ ಹಾಗೆ ಅಡ್ಡಡ್ಡ ದಾಟಿಸಿದರು. ನೋಡಲಾಗದೆ ನಾನು ರಸ್ತೆಯ ಕಡೆ ಮುಖ ಮಾಡಿ ನಿಂತೆ.

ವಾಪಸ್ ಬರುವಾಗ, ಇನ್ನೊಂದೇ ಒಂದು ಸಲ ಜಗ್ಗಲಿ, ತಪ್ಪು ಇವರ ಕಟ್ಟಿನದಲ್ಲ ಎಂದಾಗಲಿ ಎಂದು ದೇವರನ್ನು ಬೇಡಿಕೊಂಡೆ. ದೇವರು ಕೇಳಿಸಿಕೊಳ್ಳಲಿಲ್ಲ. ಗಾಡಿ ಬೆಣ್ಣೆಯ ಹಾಗೆ ಓಡಿತು.

ಮನೆಗೆ ಬಂದ ಮೇಲೆ ನನ್ನ ಬಾಯಿ ಸುಮ್ಮನಿರಲಿಲ್ಲ. "ನಿಮಗಿದು ಗೊತ್ತಿರಲಿಲ್ವಾ? ಅಷ್ಟು ವರ್ಷ ಕರೆಂಟಿನ ಕೆಲಸ ಮಾಡಿದೋರು!"

"ಗೊತ್ತಿತ್ತು ಕಣೇ. ಅಲ್ಲೂ ದೊಡ್ಡ ಕರೆಂಟಿನ ಕೇಬಲ್ ಬೇರೆಯಾಗೇ ಇಡ್ತಿದ್ವಿ" ಎಂದರು. ಕೈಯ ಗ್ರೀಸು ಒರೆಸಿಕೊಳ್ಳುತ್ತ, "ದಾರ ಕೈಗೆ ಬಂದ್ಮೇಲೆ ಅದು ನೆನಪಾಗಲೇ ಇಲ್ಲ. ಕೈಗೆ ಬೇರೆ ಥರ ಬರಲ್ಲ" ಎಂದರು.

ಗ್ಯಾರೇಜಿನವನು ಎರಡು ಮೂರು ಸಲ ಫೋನ್ ಮಾಡಿದ. ವಯರುಗಳನ್ನು ದೂರ ದೂರ ಹಿಡಿದಿಡುವ ಪ್ಲಾಸ್ಟಿಕ್ ಕ್ಲಿಪ್ಪುಗಳು ಸಿಗುತ್ತವೆ, ಬಂದು ಅವನ್ನೇ ಹಾಕಿ ಎಂದ. ಇವರು ಹೋಗಲಿಲ್ಲ. ಕ್ಲಿಪ್ ಹಾಕಲು ಯಾರಾದರೂ ಆಗುತ್ತಾರೆ ಎಂದರು. ಅದು ನಿಜವೇ ಆಗಿತ್ತು.

ಆಮೇಲೆ ಇನ್ನೊಂದು ಫೋನ್ ಬಂತು. ಗ್ಯಾರೇಜಿನವನು ಹೊಡೆದ ಫೋಟೋ ಎಲ್ಲೆಲ್ಲೋ ಸುತ್ತಿ ಯಾರ ಕೈಗೋ ಸಿಕ್ಕಿತ್ತು. ಆ ಮನುಷ್ಯನ ಮನೆಯ ಪಡಸಾಲೆಯಲ್ಲಿ ಒಂದು ಎಂಜಿನ್ ಇಟ್ಟಿದ್ದಾರಂತೆ, ಅದಕ್ಕೂ ಹಾಗೇ ಕಟ್ಟಿಕೊಡಬೇಕಂತೆ. "ಸ್ಟಾರ್ಟ್ ಮಾಡಲ್ಲ ಸರ್, ನೋಡಕ್ಕಷ್ಟೇ" ಎಂದದ್ದು ನನಗೂ ಕೇಳಿಸಿತು. ನಾನು ಕೈಸನ್ನೆ ಮಾಡಿ ಹೂಂ ಅನ್ನಿ, ಹೂಂ ಅನ್ನಿ ಎಂದೆ. ಇವರು ಆಗಲ್ಲ ಎಂದು ಫೋನ್ ಇಟ್ಟರು.

"ಯಾಕ್ರೀ? ಕರೆದು ಕೆಲಸ ಕೊಡ್ತಿದ್ದಾರೆ, ನಿಮಗೇನು ದಾಡಿ?"

"ಓಡೋ ಎಂಜಿನ್ನಿಗೆ ನನ್ನ ಕಟ್ಟು ಬೇಡ. ಓಡದೇ ಇರೋದಕ್ಕೆ ಕಟ್ಟಿ ಏನ್ ಮಾಡ್ಲಿ?"

ನಾನು ಹೂವಿನ ಬುಟ್ಟಿ ಎಳೆದುಕೊಂಡು ಕೂತೆ. ಇವರು ಟ್ರಂಕಿನ ಹತ್ತಿರ ಹೋಗಿ ಮೇಣದ ದಾರದ ಉಂಡೆ ತಂದು ನನ್ನ ಮುಂದಿಟ್ಟರು.

"ಇನ್ನೂ ಬೇಕಾದಷ್ಟಿದೆ. ನಿನಗಾದ್ರೂ ಉಪಯೋಗಕ್ಕೆ ಬರುತ್ತೆ ತಗೋ, ಹೂ ಕಟ್ಟಕ್ಕೆ."

ಬರುವುದಿಲ್ಲ. ಮೇಣದ ದಾರ ಬಿರುಸು, ಎಳೆದ ಕೂಡಲೇ ಮಲ್ಲಿಗೆಯ ತೊಟ್ಟನ್ನು ಕತ್ತರಿಸಿಬಿಡುತ್ತದೆ. ಆದರೂ ಒಂದು ಮಾರು ಕಿತ್ತುಕೊಂಡು, ಅವರು ನೋಡುತ್ತಿರುವಾಗಲೇ ಕಟ್ಟಲು ಶುರುಮಾಡಿದೆ. ಹೂಗಳು ಮಡಿಲಿಗೆ ಉದುರಿದವು. ಅವರು ನೋಡುತ್ತಲೇ ಇದ್ದರು. ಈ ಸಲ ನನ್ನ ಗಂಟು ಲೂಸು ಎನ್ನಲಿಲ್ಲ.